ಹೊಲಿಗೆ ಕೋಣೆಯ ಕೋರಂ

ಸೋಮವಾರ ಬೆಳಗ್ಗೆ ಸೊಸೆ ಮಾಡಿದ ಮೊದಲ ಕೆಲಸ ಅತ್ತೆಯ ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕದಿಂದ ಎತ್ತಿ ಗೋಡೆಯ ಮೂಲೆಗೆ ಸರಿಸಿದ್ದು. ಬೇರೆ ಮನೆಗಳಲ್ಲಾದರೆ ಇಂಥ ಕೆಲಸಕ್ಕೆ ಮೂರು ದಿನದ ಗಂಟುಮುಖವೂ ಒಂದು ವಾರದ ಮೌನವೂ ಖರ್ಚಾಗುತ್ತಿತ್ತು. ಇಲ್ಲಿ ಯಂತ್ರದ ಇನ್ನೊಂದು ತುದಿ ಹಿಡಿದು ಎತ್ತಿದವರು ಅತ್ತೆಯೇ.

“ಮಂಡಿ ನೋವು ಅಂತೀರಿ. ಬಿಡಿ ಅತ್ತೆ, ಅವರು ಬಂದ್ಮೇಲೆ ಎತ್ತಿದ್ರಾಯ್ತು.”

“ಮಂಡಿ ನನ್ನದು, ನೋವೂ ನನ್ನದು. ನೀನು ಆ ಕಡೆ ಸರಿಯಾಗಿ ಹಿಡಿ.”

ಕಿಟಕಿಯ ಪಕ್ಕ ಖಾಲಿಯಾದ ಜಾಗಕ್ಕೆ ಎಳೆದ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡು ಹಳೆಯ ಕಂಪ್ಯೂಟರ್ ಪೆಟ್ಟಿಗೆಗಳು ಬಂದು ಕೂತವು. ಗಂಡ ಲಿಫ್ಟ್ ಮೆಕ್ಯಾನಿಕ್. ಅವನು ಲಿಫ್ಟ್ ನೋಡಿಕೊಳ್ಳುವ ಕಚೇರಿಯೊಂದು ಹಳೆಯ ಸಾಮಾನು ಹೊರಹಾಕುವಾಗ ಮೂರು ಪೆಟ್ಟಿಗೆಗಳ ಮೇಲೆ ಕಣ್ಣಿಟ್ಟಿದ್ದ. ಅವನು ಲಿಫ್ಟಿನ ತಲೆಯ ಮೇಲಿಂದ ಇಳಿದು ಬರುವಷ್ಟರಲ್ಲಿ ಒಂದನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಮೂರು ಬೇಕು ಎಂದು ಸೊಸೆ ಓದುತ್ತಿದ್ದ ಸರ್ವರ್ ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಪುಸ್ತಕ ಬರೆಯುವವರು ಯಾವಾಗಲೂ ಒಂದು ಹೆಚ್ಚಿಗೆ ಹೇಳುತ್ತಾರೆ, ಎರಡರಲ್ಲೇ ಹೇಗೋ ಸಂಭಾಳಿಸಿದರಾಯಿತು ಎಂದು ಸೊಸೆ ಸಮಾಧಾನ ಮಾಡಿಕೊಂಡಳು. ಈ ಸಮಾಧಾನಕ್ಕೆ ಅವಳು ಮುಂದೆ ಮೂರು ದಿನ ದಂಡ ತೆತ್ತಳು.

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಅವಳಿಗೆ ಪರೀಕ್ಷೆ. ದೊಡ್ಡ ಆಸ್ಪತ್ರೆಯೊಂದರ ಸರ್ವರ್ ಕೋಣೆಗೆ ಒಬ್ಬರು ಬೇಕಾಗಿದ್ದರು. ಸೊಸೆ ಹನ್ನೊಂದು ವರ್ಷದ ಹಿಂದೆ ಅಂಥದ್ದೇ ಕೆಲಸದಲ್ಲಿದ್ದವಳು. ಮಾವನಿಗೆ ಪಾರ್ಶ್ವವಾಯು ಬಡಿದಾಗ ರಜೆ ಹಾಕಿದಳು. ರಜೆ ಮುಗಿಯಿತು, ಮಾವ ಏಳಲಿಲ್ಲ. ಇನ್ನಾರು ತಿಂಗಳು, ಇನ್ನೊಂದು ವರ್ಷ ಎನ್ನುತ್ತ ಒಂಬತ್ತು ವರ್ಷ ಹಾಸಿಗೆಯಲ್ಲಿದ್ದು ಅವರು ತೀರಿಕೊಂಡರು. ಆಮೇಲಿನ ಎರಡು ವರ್ಷ ಅವಳು ಅರ್ಜಿ ಹಾಕುತ್ತಲೇ ಇದ್ದಳು. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಇಷ್ಟು ವರ್ಷ ಏನು ಮಾಡುತ್ತಿದ್ದಿರಿ? ಮನೆಯಲ್ಲಿದ್ದೆ ಎಂದು ಅವಳು ಹೇಳುವುದು, ಸರಿ ತಿಳಿಸುತ್ತೇವೆ ಎಂದು ಅವರು ಹೇಳುವುದು, ಅಲ್ಲಿಗೆ ಮಾತು ಮುಗಿಯುವುದು. ಆ ‘ಮನೆಯಲ್ಲಿದ್ದೆ’ ಎಂಬ ಒಂದು ಪದದ ಕೆಳಗೆ ಎಷ್ಟು ಕೆಲಸ ಹೂತುಹೋಗಿದೆ ಎಂದು ಕೇಳುವ ಪುರುಸೊತ್ತು ಯಾರಿಗಿದೆ?

ಈ ಆಸ್ಪತ್ರೆಯ ಮೇಲ್ವಿಚಾರಕಿ ಮಾತ್ರ ಫೋನಿನಲ್ಲಿ ಬೇರೆ ಥರ ಮಾತಾಡಿದ್ದರು. “ಕಾಗದ ನೋಡಿ ನಂಬೋಕೆ ನನಗಾಗಲ್ಲ, ನೋಡದೆ ತಳ್ಳಿಹಾಕೋಕೂ ಆಗಲ್ಲ. ಮನೇಲೇ ಕೆಲವು ಮೆಷಿನ್ ಒಟ್ಟಿಗೆ ಜೋಡಿಸಿ ಒಂದು ಸಣ್ಣ ಕ್ಲಸ್ಟರ್ ಕಟ್ಟಿ. ಶನಿವಾರ ವಿಡಿಯೋದಲ್ಲಿ ಬರ್ತೀನಿ. ನಾನು ಹೇಳಿದ ಮೆಷಿನ್ನಿನ ವೈರು ನೀವು ಕೀಳ್ಬೇಕು. ಅದರಲ್ಲಿ ನಡೀತಿದ್ದ ಕೆಲಸ ಇನ್ನೊಂದರಲ್ಲಿ ತಾನಾಗೇ ಎದ್ದು ಮುಂದುವರೀಬೇಕು. ಎರಡು ಮೂರು ನಿಮಿಷ ತಡವಾದ್ರೆ ಪರವಾಗಿಲ್ಲ.”

ಇದನ್ನು ಅತ್ತೆಗೆ ತಿಳಿಯುವ ಹಾಗೆ ಹೇಳಬೇಕಾಯಿತು, ಏಕೆಂದರೆ ಕೋಣೆ ಅವರದು. ನಲವತ್ತು ವರ್ಷ ಅಲ್ಲಿ ಕೂತು ಊರಿಗೆಲ್ಲ ಬಟ್ಟೆ ಹೊಲಿದವರು ಅವರು.

“ಈ ಒಂದೊಂದು ಪೆಟ್ಟಿಗೆ ಒಂದೊಂದು ಮನೆ ಅಂದ್ಕೊಳ್ಳಿ ಅತ್ತೆ. ಒಳಗೆ ನಾಲ್ಕೈದು ಬಾಡಿಗೆ ಸಂಸಾರ ಇರ್ಬಹುದು. ಪ್ರತಿಯೊಂದೂ ತಾನೇ ಒಂದು ಪೂರ್ತಿ ಕಂಪ್ಯೂಟರು ಅಂದ್ಕೊಂಡಿರುತ್ತೆ. ಒಂದು ಮನೆ ಕುಸಿದ್ರೆ ಆ ಸಂಸಾರಗಳು ಪಾತ್ರೆ ಪಗಡೆ ಸಮೇತ ಪಕ್ಕದ ಮನೆಗೆ ಹೋಗ್ಬೇಕು. ಬಾಗಿಲು ತಟ್ಟಿದವರಿಗೆ ಮನೆ ಬದಲಾಗಿದ್ದೇ ಗೊತ್ತಾಗ್ಬಾರ್ದು.”

“ಪಕ್ಕದ ಮನೆಯವರು ಒಪ್ಬೇಕಲ್ಲ?”

“ಒಪ್ಪಿಸೋದೇ ನನ್ನ ಕೆಲಸ.”

ಬಾಡಿಗೆ ಸಂಸಾರವೆಂದು ಅವಳು ಕೂಡಿಸಿದ್ದು ಟೋಕನ್ ಕೊಡುವ ಒಂದು ಪುಟ್ಟ ಪ್ರೋಗ್ರಾಮನ್ನು. ಆಸ್ಪತ್ರೆಯ ಸರದಿಯಲ್ಲಿ ಕೊಡುವಂತೆ ಹತ್ತು ಸೆಕೆಂಡಿಗೊಂದು ನಂಬರು ಹೊರಬರುತ್ತದೆ. ನಂಬರು ಕ್ಷಣಕ್ಷಣಕ್ಕೂ ಎರಡೂ ಪೆಟ್ಟಿಗೆಗಳಲ್ಲಿ ದಾಖಲಾಗುತ್ತದೆ, ಹಾಗಾಗಿ ಯಾವುದು ಬಿದ್ದರೂ ಲೆಕ್ಕ ತಪ್ಪುವುದಿಲ್ಲ. ಇನ್ನು ಉಳಿದದ್ದು ಪೆಟ್ಟಿಗೆಗಳಿಗೆ ಹೆಸರು. ಸೊಸೆ ಒಂದು, ಎರಡು ಎಂದು ಬರೆಯಹೊರಟಳು.

“ಹಗಲೂ ರಾತ್ರಿ ನಿಂತು ದುಡಿಯೋದಕ್ಕೆ ನಂಬರ್ ಕೊಡ್ತಾರಾ?” ಎಂದರು ಅತ್ತೆ. “ಈ ಮನೇಲಿ ಹಾಗೆ ದುಡಿದವರು ನಾವಿಬ್ರೇ. ಒಂದಕ್ಕೆ ಅತ್ತೆ ಅಂತಿಡು, ಇನ್ನೊಂದಕ್ಕೆ ಸೊಸೆ ಅಂತಿಡು.”

ಹಾಗೆ ಎಡಗಡೆಯದು ಅತ್ತೆಪೆಟ್ಟಿಗೆಯಾಯಿತು, ಬಲಗಡೆಯದು ಸೊಸೆಪೆಟ್ಟಿಗೆ. ಗಂಡನಿಗೆ ಅವತ್ತಿನಿಂದ ತಮಾಷೆಗೆ ಬರವಿಲ್ಲದಂತಾಯಿತು. ಬೂಟು ಬಿಚ್ಚುತ್ತಲೇ “ಅತ್ತೆ ಬಿಸಿಯಾಗಿದ್ದಾರಾ? ಸೊಸೆ ಮಾತು ಕೇಳ್ತಿದ್ದಾಳಾ?” ಎಂದು ಶುರುಮಾಡುತ್ತಿದ್ದ. ಅವನ ತಾಯಿಗೆ ಅದು ಸಕ್ಕರೆ ತಿಂದಷ್ಟು ಖುಷಿ.

ಪೆಟ್ಟಿಗೆ ಕೈಕೊಟ್ಟರೆ ಫೋನಿಗೆ ತಾನಾಗಿ ಸಂದೇಶ ಹೋಗುವ ಏರ್ಪಾಟನ್ನೂ ಸೊಸೆ ಮಾಡುತ್ತಿದ್ದಳು. ಇಂಗ್ಲಿಷಿನ ಸಂದೇಶ ಅತ್ತೆಗೆ ತಿಳಿಯುವುದಿಲ್ಲವೆಂದು ಕನ್ನಡದಲ್ಲೇ ಬರೆದಳು: ‘ಅತ್ತೆ ಹೋಯಿತು.’ ಅತ್ತೆ ಕನ್ನಡಕದ ಮೇಲಿಂದ ಓದಿ ಮೂಗು ಮುರಿದರು.

“ನಾನೇನು ಕರೆಂಟಾ, ಹೋಯ್ತು ಅನ್ನೋಕೆ? ಮರ್ಯಾದೆ ಕೊಟ್ಟು ಬರಿ.”

ಸೊಸೆ ನಗುತ್ತ ಅಳಿಸಿ ತಿದ್ದಿದಳು. ‘ಅತ್ತೆ ಹೋದರು. ಸೊಸೆ ಒಬ್ಬಳೇ ಇದ್ದಾಳೆ. ಕೆಲಸವೆಲ್ಲ ನಿಂತಿದೆ.’ ಅತ್ತೆ ಎರಡು ಸಲ ಓದಿ, ಈಗ ಸರಿಹೋಯಿತು ಎಂದರು. ಆ ಎರಡು ಅಕ್ಷರದ ಮರ್ಯಾದೆ ಏನು ಮಾಡೀತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮಂಗಳವಾರ ಮೊದಲ ತಾಲೀಮು. ಅತ್ತೆಯೇ ಕುರ್ಚಿ ಎಳೆದುಕೊಂಡು ಕೂತು ಟೋಕನ್ ಎಣಿಸಿದರು. ಅರವತ್ತಕ್ಕೆ ಸೊಸೆ ಅತ್ತೆಪೆಟ್ಟಿಗೆಯ ವೈರು ಕಿತ್ತಳು. ಮೂರು ನಿಮಿಷವಾಯಿತು, ಐದಾಯಿತು, ಹತ್ತಾಯಿತು. ಸೊಸೆಪೆಟ್ಟಿಗೆ ದೀಪ ಉರಿಸಿಕೊಂಡು ಆರಾಮವಾಗಿ ಕೂತಿತ್ತು, ಟೋಕನ್ ಮಾತ್ರ ಕೊಡಲಿಲ್ಲ. ‘ಕೋರಂ ಇಲ್ಲ’ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಅಂದರೆ ಇರುವ ಎರಡು ಮತಗಳಲ್ಲಿ ಒಂದೇ ಹಾಜರಿದೆ, ಬಹುಮತವಿಲ್ಲ, ಬಹುಮತವಿಲ್ಲದೆ ನಾನು ಏನನ್ನೂ ಮುಟ್ಟುವುದಿಲ್ಲ ಎಂಬುದು ಅದರ ಹಟ. ಪುಸ್ತಕ ಮೂರು ಎಂದದ್ದು ಇದಕ್ಕೇ. ಮೂರನೆಯದಕ್ಕೆ ಎಲ್ಲಿಗೆ ಹೋಗುವುದು?

ಅಡ್ಡದಾರಿಯೊಂದಿತ್ತು. ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು, ಪೆಟ್ಟಿಗೆ ‘ನಾನೊಬ್ಬಳೇ ಬಹುಮತ’ ಎಂದುಕೊಂಡು ಓಡತೊಡಗುತ್ತದೆ. ಸೊಸೆ ಅತ್ತಿತ್ತ ನೋಡಿ, ಕದ್ದು ಸಿಹಿ ತಿನ್ನುವವರ ಹಾಗೆ ಅದನ್ನು ಎರಡೂ ಪೆಟ್ಟಿಗೆಗಳಲ್ಲಿ ಬರೆದಳು. ಮತ್ತೆ ವೈರು ಕಿತ್ತಳು. ಎರಡೇ ನಿಮಿಷಕ್ಕೆ ಟೋಕನ್ ಎದ್ದು ಓಡಿತು. ಅತ್ತೆ ಕೈತಟ್ಟಿದರು. ಸೊಸೆಯೂ ತಟ್ಟಿದಳು, ತಟ್ಟುತ್ತಲೇ ಆ ಆಜ್ಞೆಯಿದ್ದ ಪುಟವನ್ನು ಪರದೆಯಿಂದ ಮುಚ್ಚಿದಳು.

ಬುಧವಾರ ಆ ಅಡ್ಡದಾರಿಯ ಬಣ್ಣ ಬಯಲಾಯಿತು. ಅವತ್ತು ಅವಳು ಕರೆಂಟಿನ ವೈರು ಬಿಟ್ಟು, ಎರಡೂ ಪೆಟ್ಟಿಗೆ ಒಂದರೊಡನೊಂದು ಮಾತಾಡುವ ನೆಟ್‌ವರ್ಕ್ ವೈರನ್ನು ಕಿತ್ತು ನೋಡಿದಳು. ಅತ್ತೆ ಒಂದು ಕೈಯಲ್ಲಿ ಫೋನು ಹಿಡಿದು ಅದರಲ್ಲಿ ಸೊಸೆಪೆಟ್ಟಿಗೆಯ ನಂಬರು ನೋಡುತ್ತಿದ್ದರು, ಎದುರಿನ ಪರದೆಯಲ್ಲಿ ಅತ್ತೆಪೆಟ್ಟಿಗೆಯದು ಓಡುತ್ತಿತ್ತು.

“ಇಲ್ಲಿ ಬಾ,” ಎಂದು ಕರೆದರು. “ಈ ಕಡೆನೂ ಇನ್ನೂರ ಹನ್ನೆರಡು, ಆ ಕಡೆನೂ ಇನ್ನೂರ ಹನ್ನೆರಡು. ಇಬ್ಬರು ರೋಗಿಗಳು ಒಂದೇ ನಂಬರ್ ಹಿಡ್ಕೊಂಡು ಡಾಕ್ಟರ ಬಾಗಿಲಲ್ಲಿ ನಿಂತ್ರೆ ಜುಟ್ಟು ಜುಟ್ಟು ಹಿಡ್ಕೊಳ್ತಾರೆ ಕಣೆ.”

ಎರಡೂ ಪೆಟ್ಟಿಗೆಗಳು ಇನ್ನೊಂದು ಸತ್ತಿದೆ ಎಂದು ತಿಳಿದು, ತಾನೇ ಬಹುಮತವೆಂದು ನಂಬಿ, ಒಂದೇ ಕೆಲಸವನ್ನು ಎರಡೂ ಕಡೆ ಮಾಡುತ್ತಿದ್ದವು. ವೈರು ಮತ್ತೆ ಜೋಡಿಸಿದಾಗ ಯಾರ ಲೆಕ್ಕ ಸರಿ ಎಂದು ಹೇಳಲು ದಾರಿಯೇ ಇರಲಿಲ್ಲ. ಸೋಮವಾರದಿಂದ ಕಟ್ಟಿದ್ದೆಲ್ಲ ಕಲಸುಮೇಲೋಗರವಾಯಿತು. ಸೊಸೆ ಆ ಕಳ್ಳ ಆಜ್ಞೆಯನ್ನು ಅಳಿಸಿದಳು, ಎಲ್ಲವನ್ನೂ ಮೊದಲಿನಿಂದ ಕಟ್ಟಲು ಕೂತಳು. ಮಧ್ಯಾಹ್ನದ ಹೊತ್ತಿಗೆ ಕೈಚೆಲ್ಲಿದಳು. ಮೇಲ್ವಿಚಾರಕಿಗೆ ಒಂದು ಸಂದೇಶ ಬರೆದಳು: ‘ಕ್ಷಮಿಸಿ ಮೇಡಂ, ಈ ಸಲ ನನ್ನಿಂದ ಆಗುವುದಿಲ್ಲ.’ ಬರೆದಳು, ಕಳಿಸಲಿಲ್ಲ. ಕಳಿಸಿದರೆ ಇನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಕಳಿಸದಿದ್ದರೆ ಶನಿವಾರ ಎಲ್ಲರೆದುರು ಮುಖಭಂಗ. ನಲವತ್ತೊಂದು ವರ್ಷದ ಹೆಂಗಸು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟು ಅತ್ತಳು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ. ಅತ್ತೆ ಬಾಗಿಲವರೆಗೆ ಬಂದು, ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೋಗಿ ಕಾಫಿಗೆ ಇಟ್ಟರು.

ಗುರುವಾರ ಬೆಳಗ್ಗೆ ಅವಳು ಮತ್ತೆ ಕೂತದ್ದು ಆಸೆಯಿಂದಲ್ಲ, ಅರ್ಧ ಮಾಡಿದ ಕೆಲಸ ಬಿಡುವ ಅಭ್ಯಾಸ ಇಲ್ಲದ್ದರಿಂದ. ಕೊನೆಗೆ ಆ ಸಂದೇಶದ ಏರ್ಪಾಟಾದರೂ ಸರಿಯಿದೆಯೇ ನೋಡೋಣ ಎಂದು, ಅದು ಯಾರಿಗೆ ಹೋಗಬೇಕು ಎಂಬಲ್ಲಿ ತನ್ನ ಮತ್ತು ಗಂಡನ ‘ಮನೆ ಕೆಲಸ’ ಎಂಬ ಗುಂಪನ್ನು ಆರಿಸಿದಳು. ಆರಿಸಿದೆ ಎಂದುಕೊಂಡಳು. ಪಟ್ಟಿಯಲ್ಲಿ ಅದರ ಮೇಲೆಯೇ ‘ಮನೆ’ ಎಂಬ ಇನ್ನೊಂದು ಗುಂಪಿತ್ತು. ಅದರಲ್ಲಿ ಚಿಕ್ಕಪ್ಪ ದೊಡ್ಡಪ್ಪ, ಅತ್ತೆಯ ತಮ್ಮ, ಅವರ ಮಕ್ಕಳು, ಹೀಗೆ ಮೂವತ್ತೊಂದು ಜನ. ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಅವಳು ಅತ್ತೆಪೆಟ್ಟಿಗೆಯ ವೈರು ಕಿತ್ತಳು. ತನ್ನ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದಳು, ಪರದೆಯ ‘ಕೋರಂ ಇಲ್ಲ’ದೊಡನೆ ಮತ್ತೆ ಗುದ್ದಾಡುತ್ತ ಅದನ್ನು ನೋಡುವುದನ್ನೇ ಮರೆತಳು.

ಮುಕ್ಕಾಲು ಗಂಟೆಯ ಮೇಲೆ ಬೀದಿಯಲ್ಲಿ ಕಾರಿನ ಬಾಗಿಲು ಬಡಿದ ಸದ್ದಾಯಿತು. ಯಾರೋ ಓಡಿ ಬಂದು ಮನೆಯ ಬಾಗಿಲನ್ನು ಎರಡೂ ಅಂಗೈಯಿಂದ ಬಡಿಯತೊಡಗಿದರು. ಅತ್ತೆ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಹೋಗಿ ಬಾಗಿಲು ತೆಗೆದರು. ಹೊರಗೆ ನಿಂತವಳು ಅವರ ಹಿರಿಯ ಮಗಳು, ಮನೆಯವರೆಲ್ಲ ದೊಡ್ಡಕ್ಕ ಎಂದು ಕರೆಯುವವಳು. ತಲೆ ಕೆದರಿತ್ತು, ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ. ಅಮ್ಮನನ್ನು ಕಂಡವಳೇ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಅಮ್ಮ,” ಎಂದಳು. ಒಂದೂವರೆ ವರ್ಷದಲ್ಲಿ ಅವಳು ತಾಯಿಯೊಡನೆ ಆಡಿದ ಮೊದಲ ಮಾತು ಅದು. “ನೀನು ಹೋದೆ ಅಂತ ಬಂದಿತ್ತಲ್ಲ.”

“ಎಲ್ಲಿಗೆ?” ಎಂದರು ಅತ್ತೆ.

ದೊಡ್ಡಕ್ಕ ಫೋನು ಮುಂದೆ ಹಿಡಿದಳು. ‘ಅತ್ತೆ ಹೋದರು. ಸೊಸೆ ಒಬ್ಬಳೇ ಇದ್ದಾಳೆ. ಕೆಲಸವೆಲ್ಲ ನಿಂತಿದೆ.’ ಕಳಿಸಿದವರ ಜಾಗದಲ್ಲಿ ಸೊಸೆಯ ಹೆಸರು. ತಮ್ಮನಿಗೆ ಎಂಟು ಸಲ ಫೋನು ಮಾಡಿದ್ದಳು, ಅವನು ಲಿಫ್ಟಿನ ಗುಂಡಿಯೊಳಗೆ ಇದ್ದ. ಸೊಸೆಗೆ ಹತ್ತು ಸಲ ಮಾಡಿದ್ದಳು, ಆ ಫೋನು ಅಡುಗೆಮನೆಯಲ್ಲಿ ಒಂದೇ ಸಮ ನಡುಗುತ್ತಿತ್ತು. ಸಂದೇಶದ ಕೆಳಗೆ ಹನ್ನೆರಡು ಜನ ಆಗಲೇ ಕೈಮುಗಿದ ಚಿತ್ರ ಕಳಿಸಿ ಕೂತಿದ್ದರು. ಅತ್ತೆ ಕನ್ನಡಕ ಏರಿಸಿ ಒಂದೊಂದನ್ನೇ ಓದಿದರು.

“ನನ್ನ ತಮ್ಮ ಬರೀ ಚಿತ್ರ ಕಳ್ಸಿದಾನೆ. ಎಷ್ಟು ಗಂಟೆಗೆ ಅಂತಾನೂ ಕೇಳಿಲ್ಲ,” ಎಂದರು.

ಸೊಸೆ ಓಡಿ ಬಂದಳು. ಸಂಗತಿ ತಿಳಿದು ಅವಳ ಜೀವ ಬಾಯಿಗೆ ಬಂತು. ಪೆಟ್ಟಿಗೆ, ಹೆಸರು, ಮರ್ಯಾದೆ, ಗುಂಪು ಎಂದು ತಡವರಿಸಿ ತಡವರಿಸಿ ಹೇಳಿದಳು. ಗುಂಪಿಗೆ ‘ಅತ್ತೆ ಚೆನ್ನಾಗಿದ್ದಾರೆ, ಹೋಗಿದ್ದು ಕಂಪ್ಯೂಟರ್’ ಎಂದು ಬರೆದು ಹಾಕಿದಳು. ದೊಡ್ಡಕ್ಕನ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು. “ಇಂಥಾ ಮಾತು ಬರೆಯೋಕೆ ಕೈ ಹೇಗೆ ಬಂತು ನಿನಗೆ? ಹೋಯ್ತು ಅಂತ ಬರೆದಿದ್ರೆ ಏನು ಗಂಟು ಹೋಗ್ತಿತ್ತು?” ಎಂದು ಕೂಗಾಡಿದಳು. ಕೂಗಾಟದ ನಡುವೆಯೇ ಅಳು ಬಂತು. ಅತ್ತೆ ನೀರು ತಂದುಕೊಟ್ಟರು. ಅವಳು ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದಳು.

ಮಗಳು ಸ್ವಲ್ಪ ಸುಧಾರಿಸಿಕೊಂಡದ್ದನ್ನು ನೋಡಿ ಅತ್ತೆಯ ನಾಲಿಗೆ ಸುಮ್ಮನಿರಲಿಲ್ಲ. “ಸತ್ರೆ ಮುಕ್ಕಾಲು ಗಂಟೇಲಿ ಬರ್ತೀಯ. ಬದುಕಿದ್ರೆ ಒಂದೂವರೆ ವರ್ಷ ಆದ್ರೂ ಬರಲ್ಲ.”

ಜಗಳದ ಮೂಲ ಇಷ್ಟೇ. ದೊಡ್ಡಕ್ಕ ತನ್ನ ಮಗಳ ಮದುವೆಯ ಬಟ್ಟೆಯನ್ನು ಅಜ್ಜಿಯಿಂದ ಹೊಲಿಸದೆ ಅಂಗಡಿಗೆ ಕೊಟ್ಟಿದ್ದಳು. ನಲವತ್ತು ವರ್ಷ ಊರ ಮದುವೆಗಳಿಗೆಲ್ಲ ಹೊಲಿದವರಿಗೆ ಸ್ವಂತ ಮೊಮ್ಮಗಳ ಮದುವೆಯಲ್ಲಿ ಕೈಕಟ್ಟಿ ಕೂರುವ ಗತಿ. ಅಮ್ಮನ ಕಣ್ಣಿಗೆ ಈ ವಯಸ್ಸಿನಲ್ಲಿ ತೊಂದರೆ ಕೊಡಬಾರದು ಎಂದು ಹಾಗೆ ಮಾಡಿದೆ ಎಂಬುದು ಮಗಳ ವಾದ. ಇಬ್ಬರೂ ಸರಿ, ಇಬ್ಬರೂ ಮೊಂಡರು. ಇಂಥವು ಬಗೆಹರಿಯುವುದು ಕಷ್ಟ.

ದೊಡ್ಡಕ್ಕ ಎದ್ದು ಹೊಲಿಗೆ ಕೋಣೆಗೆ ನುಗ್ಗಿದಳು. ತನ್ನನ್ನು ಹೀಗೆ ಓಡಿ ಬರುವಂತೆ ಮಾಡಿದ ಪೆಟ್ಟಿಗೆ ಯಾವುದು, ಒಂದು ಸಲ ನೋಡಿಯೇ ಬಿಡುವ ಎಂಬ ಸಿಟ್ಟು. ಪರದೆಯ ಮುಂದೆ ನಿಂತವಳು ಅಲ್ಲಿದ್ದುದನ್ನು ಜೋರಾಗಿ ಓದಿದಳು.

“ಕೋರಂ ಇಲ್ಲ ಅಂತಿದೆಯಲ್ಲ ಇದು. ಕಂಪ್ಯೂಟರಿಗೂ ಕೋರಂ ಬೇಕಾ?”

ದೊಡ್ಡಕ್ಕ ಗೃಹನಿರ್ಮಾಣ ಸಹಕಾರ ಸಂಘವೊಂದರ ಕಾರ್ಯದರ್ಶಿ. ಹದಿನಾರು ವರ್ಷದಿಂದ ಸಭೆ ಕರೆಯುವುದು, ಹಾಜರಿ ಎಣಿಸುವುದು, ನಡಾವಳಿ ಬರೆಯುವುದು ಅವಳ ಕೆಲಸ. ಆ ಪದ ಕಂಡದ್ದೇ ತಡ, ಅಳು ಮರೆತು ನೆಟ್ಟಗೆ ನಿಂತಳು.

“ಎರಡೇ ಇವೆ ದೊಡ್ಡಕ್ಕ. ಒಂದು ಬಿದ್ರೆ ಇನ್ನೊಂದು ಕೆಲಸ ಮಾಡಲ್ಲ,” ಎಂದಳು ಸೊಸೆ.

“ಯಾಕೆ ಮಾಡುತ್ತೆ? ಇಬ್ಬರ ಸಮಿತೀಲಿ ಒಬ್ರು ಬರದೇ ಇದ್ರೆ ಅದು ಸಭೆನೇ ಅಲ್ಲ. ಒಬ್ಬರೇ ಕೂತು ನಿರ್ಣಯ ಬರೆದ್ರೆ ಜೈಲಿಗೆ ಹೋಗ್ತಾರೆ. ಸಮಿತಿ ಯಾವಾಗ್ಲೂ ಬೆಸ ಸಂಖ್ಯೆ ಇರ್ಬೇಕು, ಇಷ್ಟೂ ಗೊತ್ತಿಲ್ವಾ?”

“ಗೊತ್ತು. ಆದ್ರೆ ಇಂಥದ್ದೇ ಮೂರನೇ ಪೆಟ್ಟಿಗೆ ಇಲ್ಲ.”

“ಇಂಥದ್ದೇ ಯಾಕೆ ಬೇಕು? ನಮ್ಮ ಸಂಘದಲ್ಲಿ ಒಬ್ರು ಸದಸ್ಯರಿದ್ದಾರೆ. ಹದಿನಾರು ವರ್ಷದಿಂದ ಬಾಯಿ ಬಿಟ್ಟಿಲ್ಲ. ಬರ್ತಾರೆ, ಕಾಫಿ ಕುಡೀತಾರೆ, ಕೈ ಎತ್ತು ಅಂದಾಗ ಎತ್ತುತ್ತಾರೆ, ಸಹಿ ಹಾಕಿ ಹೋಗ್ತಾರೆ. ಕೆಲಸ ಅಂತ ಒಂದು ಕಡ್ಡಿ ಎತ್ತಿಡಲ್ಲ. ಆದ್ರೆ ಅವರು ಬರದ ದಿನ ನಮ್ಮದು ಒಂದು ನಿರ್ಣಯನೂ ಪಾಸಾಗಲ್ಲ.”

ಸೊಸೆ ಕೈಯಲ್ಲಿದ್ದ ವೈರನ್ನು ಹಾಗೇ ಕೆಳಗಿಟ್ಟಳು. ಮೂರನೆಯದು ಭಾರ ಹೊರಬೇಕು, ಟೋಕನ್ ಓಡಿಸಬೇಕು ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಬರೀ ಮತ ಹಾಕುವ, ಕೆಲಸ ಮಾಡದ ಒಂದು ಸಾಕ್ಷಿ ಸಾಕಾದರೆ? ಪುಸ್ತಕ ತೆಗೆದು ಪುಟ ತಿರುವಿದಳು. ಕೊನೆಯ ಅಧ್ಯಾಯದಲ್ಲಿ, ಅವಳು ಬೇಡವೆಂದು ಹಾರಿಸಿದ್ದ ಅರ್ಧ ಪುಟದಲ್ಲಿ ಅದೇ ಇತ್ತು. ಎಷ್ಟು ಹಳೆಯ ಕಂಪ್ಯೂಟರಾದರೂ ಸರಿ, ಮತ ಹಾಕುವಷ್ಟು ಜೀವ ಇದ್ದರೆ ಸಾಕು.

“ದೊಡ್ಡಕ್ಕ, ನಿಮ್ಮನೇಲಿ ಹಾಳಾದ ಲ್ಯಾಪ್‌ಟಾಪ್ ಏನಾದ್ರೂ ಇದೆಯಾ?”

“ಮಗಳದೊಂದಿದೆ. ಮುಚ್ಚಳ ಕಿತ್ತುಹೋಗಿದೆ, ನಾಲ್ಕು ಕೀ ಇಲ್ಲ.”

“ಉಸಿರಾಡುತ್ತಾ?”

“ಉಸಿರಾಡೋದೇನು, ಆನ್ ಮಾಡಿದ್ರೆ ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತೆ.”

ಶುಕ್ರವಾರ ಬೆಳಗ್ಗೆ ದೊಡ್ಡಕ್ಕ ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದಳು. ತಾಯಿ ಮಗಳು ಇನ್ನೂ ನೇರವಾಗಿ ಮಾತಾಡುತ್ತಿರಲಿಲ್ಲ. “ಕಾಫಿ ಬೇಕಾ ಕೇಳು ಅವಳನ್ನ” ಎಂದು ಒಬ್ಬರು, “ಸಕ್ಕರೆ ಕಮ್ಮಿ ಅಂತ ಹೇಳು” ಎಂದು ಇನ್ನೊಬ್ಬರು, ನಡುವೆ ಸೊಸೆ. ಆದರೂ ಒಂದೇ ಕೋಣೆಯಲ್ಲಿದ್ದರು. ಲ್ಯಾಪ್‌ಟಾಪಿಗೆ ‘ದೊಡ್ಡಕ್ಕ’ ಎಂದು ಹೆಸರಿಟ್ಟಾಗ ಹೆಸರಿನ ಒಡತಿ ಬಿಗುಮಾನದಿಂದ ಒಪ್ಪಿದಳು. ಸಂಜೆಯೊಳಗೆ ನಾಲ್ಕು ಸಲ ಅತ್ತೆಪೆಟ್ಟಿಗೆಯನ್ನು ಕಿತ್ತರು. ನಾಲ್ಕು ಸಲವೂ ಸೊಸೆಪೆಟ್ಟಿಗೆ ದೊಡ್ಡಕ್ಕನ ಮತ ಕೇಳಿ, ಎರಡು ನಿಮಿಷ ಕಾದು, ಟೋಕನನ್ನು ಬಿಟ್ಟಲ್ಲಿಂದ ಎತ್ತಿಕೊಂಡಿತು. ಗಂಡ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತು, ಅಕ್ಕನನ್ನೂ ಅಮ್ಮನನ್ನೂ ಒಂದೇ ಮೇಜಿನ ಎರಡು ತುದಿಗಳಲ್ಲಿ ಕಂಡು, ಅವತ್ತು ಮೊದಲ ಬಾರಿಗೆ ಯಾವ ತಮಾಷೆಯನ್ನೂ ಮಾಡಲಿಲ್ಲ. ಸೊಸೆ ತನ್ನ ಫೋನಿನಲ್ಲಿ ಬುಧವಾರದಿಂದ ಕೂತಿದ್ದ ಕಳಿಸದ ಸಂದೇಶವನ್ನು ಅಳಿಸಿಹಾಕಿದಳು.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಮೇಲ್ವಿಚಾರಕಿ ಪರದೆಯಲ್ಲಿ ಕಾಣಿಸಿಕೊಂಡರು. ಐವತ್ತರ ಆಸುಪಾಸು, ನರೆಗೂದಲು, ನಗುವಿಗೆ ರಜೆ ಕೊಟ್ಟ ಮುಖ. ಸೊಸೆ ಫೋನನ್ನು ನೂಲಿನ ಉಂಡೆಗಳಿಗೆ ಒರಗಿಸಿ, ಮೂರೂ ಯಂತ್ರಗಳು ಕಾಣುವ ಹಾಗೆ ಇಟ್ಟಿದ್ದಳು. ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಅತ್ತೆ, ದೊಡ್ಡಕ್ಕ ಗೋಡೆಗೆ ಆತು ನಿಂತಿದ್ದರು. ಉಸಿರು ಬಿಡಬಾರದು ಎಂದು ಇಬ್ಬರಿಗೂ ಅಪ್ಪಣೆಯಾಗಿತ್ತು.

“ಮೂರನೇದು ಯಾವುದು? ಮುಚ್ಚಳ ಇಲ್ಲದ್ದು?”

“ಅದು ದೊಡ್ಡಕ್ಕ ಮೇಡಂ. ಅದು ಕೆಲಸ ಮಾಡಲ್ಲ. ಕೈ ಎತ್ತುತ್ತೆ ಅಷ್ಟೆ.”

ಗೋಡೆಯ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಮೇಲ್ವಿಚಾರಕಿ ಹೆಸರುಗಳನ್ನು ಬರೆದುಕೊಂಡರು. “ಸರಿ. ಅತ್ತೆಯವರನ್ನ ಕೀಳಿ,” ಎಂದರು. ಮರ್ಯಾದೆಯ ರೋಗ ಅ‌ವರಿಗೂ ಅಂಟಿತ್ತು.

ಸೊಸೆ ಕಿತ್ತಳು. ಟೋಕನ್ ಮುನ್ನೂರ ಮೂವತ್ತೊಂದರಲ್ಲಿ ನಿಂತಿತು. ಒಂದು ನಿಮಿಷ, ಎರಡು. ಅವಳ ಅಂಗೈ ಒದ್ದೆಯಾಗಿತ್ತು. ಮುನ್ನೂರ ಮೂವತ್ತೆರಡು ಬಂತು, ಮೂವತ್ತಮೂರು ಬಂತು. ಅತ್ತೆ ತಡೆಹಿಡಿದಿದ್ದ ಉಸಿರನ್ನು ಕೋಣೆಗೆಲ್ಲ ಕೇಳುವಂತೆ ಬಿಟ್ಟರು.

“ಚೆನ್ನಾಗಿದೆ,” ಎಂದರು ಮೇಲ್ವಿಚಾರಕಿ. “ಈಗ ದೊಡ್ಡಕ್ಕನನ್ನೂ ಕೀಳಿ.”

ಸೊಸೆ ತಿರುಗಿ ಮುಚ್ಚಳವಿಲ್ಲದ ಲ್ಯಾಪ್‌ಟಾಪನ್ನು ನೋಡಿದಳು. ಇದನ್ನು ಅವರು ಫೋನಿನಲ್ಲಿ ಹೇಳಿರಲಿಲ್ಲ. ದೊಡ್ಡಕ್ಕನೂ ಹೋದರೆ ಉಳಿಯುವುದು ಮೂರರಲ್ಲಿ ಒಂದೇ ಮತ. ಕೆಲಸ ನಿಲ್ಲುತ್ತದೆ. ಕೆಲಸ ನಿಲ್ಲಬಾರದು ಎಂಬುದೇ ಪರೀಕ್ಷೆ. ಆ ಒಂದು ಸಾಲಿನ ಆಜ್ಞೆ ಅವಳ ಬೆರಳ ತುದಿಯಲ್ಲಿತ್ತು. ಕ್ಯಾಮೆರಾ ನೋಡುತ್ತಿದ್ದುದು ಪೆಟ್ಟಿಗೆಗಳನ್ನು, ಕೀಬೋರ್ಡು ಅದಕ್ಕೆ ಕಾಣುತ್ತಿರಲಿಲ್ಲ. ಬೆರಳು ಕೀಲಿಗಳ ಮೇಲೆ ಹೋಗಿ ಕೂತದ್ದೂ ಹೌದು. ಆಮೇಲೆ ಅವಳು ಕೈ ತೆಗೆದು ತೊಡೆಯ ಮೇಲೆ ಒರೆಸಿಕೊಂಡು, ಲ್ಯಾಪ್‌ಟಾಪಿನ ವೈರು ಕಿತ್ತಳು.

ಮುನ್ನೂರ ನಲವತ್ತೇಳು. ಅಲ್ಲಿಗೆ ನಿಂತಿತು. ಒಂದು ನಿಮಿಷ ಕಾದು ಸೊಸೆಪೆಟ್ಟಿಗೆ ತನ್ನನ್ನು ತಾನೇ ಆಫ್ ಮಾಡಿಕೊಂಡು ಮತ್ತೆ ಎದ್ದಿತು. ಟೋಕನನ್ನು ಮಾತ್ರ ಮುಟ್ಟಲಿಲ್ಲ.

“ನಿಂತುಹೋಯ್ತು,” ಎಂದರು ಮೇಲ್ವಿಚಾರಕಿ.

“ನಿಂತುಹೋಯ್ತು ಮೇಡಂ. ನಿಲ್ಲಲೇಬೇಕು.” ಸೊಸೆ ಕ್ಯಾಮೆರಾದ ಕಡೆ ತಿರುಗಿದಳು. “ಇದು ಒಂಟಿ. ಬೇರೆಯವರು ನಿಜವಾಗ್ಲೂ ಹೋಗಿದ್ದಾರೋ, ಬರೀ ಮಾತು ಕೇಳಿಸ್ತಿಲ್ವೋ ಇದಕ್ಕೆ ಗೊತ್ತಾಗಲ್ಲ. ಗೊತ್ತಿಲ್ದೆ ನಾನೇ ಸರಿ ಅಂತ ಓಡಿದ್ರೆ, ಆ ಕಡೆಯವರೂ ಹಾಗೇ ಅಂದ್ಕೊಂಡು ಓಡಿದ್ರೆ, ಒಂದೇ ಟೋಕನ್ ಇಬ್ಬರು ರೋಗಿಗಳಿಗೆ ಹೋಗುತ್ತೆ. ಟೋಕನ್ ಆದ್ರೆ ಜಗಳಾನೇ ಆಯ್ತು. ಔಷಧಿ ಪಟ್ಟಿ ಆದ್ರೆ? ಬಲವಂತವಾಗಿ ಓಡಿಸೋಕೆ ಒಂದು ಆಜ್ಞೆ ಇದೆ. ಕೊಡ್ಬಹುದಿತ್ತು, ಕೊಡಲಿಲ್ಲ.”

“ಪುಸ್ತಕದಲ್ಲಿ ಓದಿದ್ದಾ?”

“ಇಲ್ಲ ಮೇಡಂ. ಮಂಗಳವಾರ ನಾನೇ ಕೊಟ್ಟು ನೋಡಿದೆ. ಬುಧವಾರ ಎಲ್ಲಾ ಹಾಳಾಯ್ತು.”

ಮೇಲ್ವಿಚಾರಕಿ ತುಂಬ ಹೊತ್ತು ಏನೋ ಬರೆದರು. “ಈ ಪರೀಕ್ಷೆ ನಾಲ್ಕು ಜನಕ್ಕೆ ಕೊಟ್ಟೆ,” ಎಂದರು ಕೊನೆಗೆ. “ಮೂವರು ಹೇಗೋ ಮಾಡಿ ಓಡಿಸಿ ತೋರಿಸಿದ್ರು.” ಅಷ್ಟೇ ಹೇಳಿ ಕಾಗದ ಮಗುಚಿದರು. “ಇಲ್ಲೊಂದು ಕಾಲಂ ಇದೆ. ಹಿಂದಿನ ಕೆಲಸ ಬಿಟ್ಟ ಕಾರಣ, ಆಮೇಲೆ ಏನು ಮಾಡ್ತಿದ್ರಿ. ಏನು ಬರ್ಕೊಳ್ಲಿ?”

ಸೊಸೆಯ ಬಾಯಿಗೆ ಎರಡು ವರ್ಷದಿಂದ ರೂಢಿಯಾದ ಪದವೇ ಬಂತು. “ಮನೇಲಿ...”

ಅಷ್ಟರಲ್ಲಿ ಅತ್ತೆ ಗೋಡೆ ಬಿಟ್ಟು ಕ್ಯಾಮೆರಾದ ಮುಂದೆ ಬಂದು ನಿಂತಿದ್ದರು. ಉಸಿರು ಬಿಡಬಾರದೆಂಬ ಅಪ್ಪಣೆಯನ್ನು ಗಾಳಿಗೆ ತೂರಿದ್ದರು.

“ಅಮ್ಮ, ನೀವ್ಯಾರು?” ಎಂದರು ಮೇಲ್ವಿಚಾರಕಿ.

“ಅತ್ತೆ. ಕಿತ್ತಿಟ್ಟಿದ್ದಾಳಲ್ಲ, ಅದಲ್ಲ, ಇನ್ನೊಬ್ಬಳು. ಬರ್ಕೊಳ್ಳಿ. ನನ್ನ ಗಂಡ ಒಂಬತ್ತು ವರ್ಷ ಮಲಗಿದಲ್ಲೇ ಇದ್ರು. ಮಗ್ಗುಲು ತಿರುಗೋಕೂ ಆಗ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಅವರ ಬೆನ್ನಲ್ಲಿ ಒಂದೂ ಹುಣ್ಣಾಗಲಿಲ್ಲ.” ಅತ್ತೆಯ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. “ನೀವು ಆಸ್ಪತ್ರೆಯವರು. ಅಂದ್ರೆ ಏನು ಅಂತ ನಾನು ಹೇಳ್ಬೇಕಾಗಿಲ್ಲ.”

ಮೇಲ್ವಿಚಾರಕಿಯ ಲೇಖನಿ ನಿಂತಿತು. ಅವರು ಅತ್ತೆಯನ್ನು ನೋಡಿದರು, ಅತ್ತೆಯ ಹಿಂದೆ ಮುಖ ತಗ್ಗಿಸಿ ಕೂತಿದ್ದವಳನ್ನು ನೋಡಿದರು. ತಾನು ಎರಡೆರಡು ಗಂಟೆಗೊಮ್ಮೆ ಮಾವನ ಮಗ್ಗುಲು ಬದಲಿಸಿದ್ದನ್ನು ಸೊಸೆ ಇದುವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ, ತಾನೂ ಹೇಳಿಕೊಂಡಿರಲಿಲ್ಲ. ಅವಳ ಕಣ್ಣು ತುಂಬಿ ಪೆಟ್ಟಿಗೆಗಳ ದೀಪಗಳೆಲ್ಲ ಒಂದರೊಳಗೊಂದು ಕಲಸಿಹೋದವು.

“ಗೊತ್ತಮ್ಮ,” ಎಂದರು ಮೇಲ್ವಿಚಾರಕಿ ಮೆಲ್ಲಗೆ. ಕಾಲಮ್ಮಿನಲ್ಲಿ ಬರೆದರು, ಬರೆದು ಮುಗಿಸಿ ತಲೆಯೆತ್ತಿದರು. “ಸೋಮವಾರದಿಂದ ಬನ್ನಿ. ಬೆಳಗ್ಗೆ ಎಂಟಕ್ಕೆ ಕೆಲಸ ಶುರು. ಬರೋಕಾಗುತ್ತಾ?”

“ಎಂಟಕ್ಕಾ ಮೇಡಂ?” ಹನ್ನೊಂದು ವರ್ಷದ ಅಭ್ಯಾಸ ಅವಳ ನಾಲಿಗೆಯನ್ನು ಹಿಡಿದೆಳೆಯಿತು. “ಎಂಟು ಅಂದ್ರೆ... ಮನೇಲಿ ಬೆಳಗ್ಗೆ ಅತ್ತೆಗೆ...”

“ಬರ್ತಾಳೆ,” ಎಂದರು ಅತ್ತೆ.

“ಬರ್ತಾಳೆ,” ಎಂದಳು ದೊಡ್ಡಕ್ಕ, ಅದೇ ಉಸಿರಿನಲ್ಲಿ. ತಾಯಿ ಮಗಳು ಒಂದೂವರೆ ವರ್ಷದ ಮೇಲೆ ಮೊದಲ ಸಲ ಸಿಟ್ಟಿಲ್ಲದೆ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಬೆಳಗ್ಗೆ ನಾನು ಬರುತ್ತೇನೆ ಎಂದು ಮಗಳು ಬೆರಳಲ್ಲೇ ಸನ್ನೆ ಮಾಡಿದಳು, ಬಾ ಎಂದು ತಾಯಿ ತಲೆಯಾಡಿಸಿದರು.

ಮೇಲ್ವಿಚಾರಕಿಯ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಾಣಿಸಿತು. “ನಿಮ್ಮ ಮನೇಲಿ ಕೋರಂ ಇದೆ, ಬಹುಮತಾನೂ ಇದೆ. ನೀವೇನಂತೀರಿ?”

“ಬರ್ತೀನಿ ಮೇಡಂ,” ಎಂದಳು ಸೊಸೆ.